ಹತ್ತನೆಯ ತೋಳು

ಕೇಳ್ರಪ್ಪಾ, ಇವತ್ತು ನಮ್ಮೂರು ಆವತಿಯ ಶಾಲೇಲಿ ಕೊರೊನಾ ಲಸಿಕೆ. ಒಂದು ಬಾಟ್ಲಿ ಹತ್ತು ಜನಕ್ಕೆ. "ತೆಗೆದ್ಮೇಲೆ ಇಡೋಕಾಗಲ್ಲ, ಹತ್ತು ಜನ ಸೇರಲಿ" ಅಂದ್ರು ಸಿಸ್ಟರ್. ನಾವಿದ್ದದ್ದು ಒಂಬತ್ತು.

ಗೇಟಿನ ಹತ್ರ ನಮ್ಮ ಪಕ್ಕದ್ಮನೆ ಪಿಳ್ಳಪ್ಪಣ್ಣ. "ಜ್ವರ ಬಂದು ಮಲಗಿಬಿಡ್ತೀರ, ಹೋಗ್ರೋ" ಅಂತ ಬೆಳಗ್ಗೆಯಿಂದ ಎಲ್ಲರನ್ನೂ ಹೆದರಿಸ್ತಿದ್ದ. ನಮಗೂ ಒಳಗೊಳಗೇ ಪುಕಪುಕ. ಆದ್ರೆ ಒಂದು ಗಂಟೆ ಕಾದ್ಮೇಲೆ ಭಯವೆಲ್ಲ ಸಿಟ್ಟಾಗಿತ್ತು.

ಕೊನೆಗೆ ನಮ್ಮ ಜೊತೆ ಕಾಯ್ತಿದ್ದ ಸಾಕಮ್ಮಜ್ಜಿ ಗದರಿದ್ರು: "ಲೇ ಪಿಳ್ಳಪ್ಪ, ಒಲೆ ಮೇಲೆ ಎಸರಿಟ್ಟು ಬಂದಿದ್ದೀನಿ. ನೀನೊಬ್ಬ ಕೂತ್ರೆ ಎಲ್ರದ್ದೂ ಮುಗಿಯುತ್ತೆ ಕಣೋ!"

ಎಲ್ಲರೂ ಗೊಳ್ಳೆಂದರು. ಅವನೂ ನಗ್ತಾ ಅಂಗಿ ತೋಳು ಮಡಚಿದ.

ಈಗ ಅದೇ ಗೇಟಲ್ಲಿ ನಿಂತು ಕೂಗ್ತಿದ್ದಾನೆ: "ಬನ್ರೋ, ಎರಡನೇ ಬಾಟ್ಲಿಗೆ ಇನ್ನಿಬ್ಬರು ಬೇಕು!"

ಜ್ವರ ಬಂದ್ರೆ ಒಬ್ಬನೇ ಮಲಗೋಕೆ ಬೇಜಾರಂತೆ.