ಜೋಕಾಲಿಯ ಚಿತ್ರಕ್ಕೊಂದು ಹಾರ್ಟ್

"ನಮ್ಮಕ್ಕ ಸ್ಟೇಟಸ್ ಹಾಕ್ಯಾಳ, ಏನೈತಿ ಓದ್ರಿ ಮೇಡಂ. ನಾವು ತೆಲುಗು ಸಾಲಿ ಓದಿದೋರು."

ಆಂಧ್ರದ ಆದೋನಿಯಿಂದ ಆಸ್ಪರಿಗೆ ಹೊರಟ ಬಸ್ಸಿನಲ್ಲಿ, ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ ಹಿಂದಿನ ಸೀಟಿನ ರೈತ ಫೋನ್ ಚಾಚಿದ. ಅಕ್ಕನನ್ನು ಕರ್ನಾಟಕದ ಸಿರುಗುಪ್ಪದ ಕಡೆ ಕೊಟ್ಟಿದ್ದರಂತೆ, ಅಲ್ಲಿಗೆ ಹೋದ ಮೇಲೆ ಅವಳು ಕನ್ನಡ ಬರೆಯಲು ಕಲಿತಳಂತೆ. ಅವಳು ಹಾಕಿದ್ದ ಜೋಕಾಲಿಯ ಚಿತ್ರಕ್ಕೆ ಅವನು ಆಗಲೇ ಹಾರ್ಟ್ ಕಳಿಸಿದ್ದ. ಕೆಳಗಿನ ಸಾಲು ಓದಿದೆ: 'ಪಂಚಮಿ ಬಂತು, ತವರಿನಿಂದ ಕರೆಯಲು ಯಾರೂ ಬರಲಿಲ್ಲ.'

ಅವನ ಮುಖ ಸಪ್ಪಗಾಯಿತು. "ಹಬ್ಬದ ಶುಭಾಶಯ ಅಂದ್ಕಂಡಿದ್ನಲ್ರಿ!" ಎಂದವನೇ ಅಲ್ಲೇ ಫೋನ್ ಹಚ್ಚಿದ. "ಅಕ್ಕಾ, ನಾಳಿಗೆ ಕರಿಯಾಕ ಬರ್ತೀನಿ, ತಯಾರಾಗಿರವ್ವ."

ಅವನು ಇಳಿದ ಮೇಲೆ ನನ್ನ ಫೋನ್ ತೆಗೆದೆ. ಬೆಳಿಗ್ಗೆ ನಾನೂ ಅಂಥದೇ ಜೋಕಾಲಿ, ಅಂಥದೇ ಸಾಲು ಹಾಕಿದ್ದೆ. ನನ್ನ ತಮ್ಮನೂ ಹಾರ್ಟ್ ಕಳಿಸಿದ್ದ. ಅವನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.