ಎಂಟಾಣೆ ಮಿರ್ಚಿಯ ಆಣೆ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಕೊಟ್ಟೂರಿನ ಒಂದು ಓಣಿಯಲ್ಲಿ ದರ್ಜಿ ಅಂಗಡಿ ಹಾಕಿದೆ. ಎದುರಿಗೇ ಗಂಡ ಹೆಂಡತಿ ಸೇರಿ ನಡೆಸುತ್ತಿದ್ದ ಮಿರ್ಚಿ ಅಂಗಡಿ. ಯಜಮಾನರು ಬಾಣಲೆಯ ಮುಂದೆ, ಅವರ ಹೆಂಡತಿ ಹಿಟ್ಟಿನ ಬೋಗುಣಿಯ ಮುಂದೆ. ಗೇಣುದ್ದದ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಜೀರಿಗೆ ಉಪ್ಪು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಬಸ್ಸಿಗೆ ಹೊರಟವರೂ ನಿಲ್ಲುತ್ತಿದ್ದರು. ಒಂದಕ್ಕೆ ಎಂಟಾಣೆ.

ಓಣಿಯ ಮೂಲೆಯಲ್ಲಿ ಯಜಮಾನರ ಷಡ್ಡಕನದೂ ಒಂದು ಮಿರ್ಚಿ ಅಂಗಡಿ ಇತ್ತು. ಎಣ್ಣೆ ತುಟ್ಟಿಯಾಯಿತೆಂದು ಆತ ಬೆಲೆ ಮುಕ್ಕಾಲು ರೂಪಾಯಿಗೆ ಏರಿಸಿ, ಇವರ ಬಳಿ ಬಂದು, "ಎಷ್ಟು ದಿನ ಎಂಟಾಣೆಗೆ ಕೊಡ್ತಿ? ನೀನೂ ನನ್ನ ಹಿಂದ ಬರಾಂವನ" ಎಂದ. ಯಜಮಾನರಿಗೆ ಅದು ನಾಟಿತು. ಬೋರ್ಡು ಬರೆಯುವವನನ್ನು ಕರೆಸಿ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ "ಇಲ್ಲಿ ಮಿರ್ಚಿ ಎಂದೆಂದಿಗೂ ಎಂಟಾಣೆ" ಎಂದು ಬರೆಸಿದರು. ಮನೆದೇವರ ಮೇಲೆ ಆಣೆಯನ್ನೂ ಮಾಡಿದರು. ಒಂದಷ್ಟು ದಿನ ಷಡ್ಡಕನ ಅಂಗಡಿಯಲ್ಲಿ ನೊಣ ಬಿಟ್ಟರೆ ಗಿರಾಕಿ ಇರಲಿಲ್ಲ.

ಆದರೆ ಎಣ್ಣೆಗೆ, ಹಿಟ್ಟಿಗೆ, ಸೌದೆಗೆ ಈ ಆಣೆಯ ಸುದ್ದಿ ಮುಟ್ಟಿರಲಿಲ್ಲ. ಅವು ವರ್ಷವರ್ಷವೂ ಏರಿದವು. ಯಜಮಾನರ ಮಿರ್ಚಿಯಲ್ಲಿ ಮೊದಲು ಜೀರಿಗೆ ಮಾಯವಾಯಿತು. ಆಮೇಲೆ ಗೇಣುದ್ದದ ಕಾಯಿ ಬೆರಳುದ್ದವಾಯಿತು. ಕೊನೆಗೆ ಒಂದು ಕಾಯಿಯನ್ನು ಎರಡು ತುಂಡು ಮಾಡಿ ಕರಿಯತೊಡಗಿದರು.

"ಯಜಮಾನ್ರ, ಇದರಾಗ ಮೆಣಸಿನಕಾಯಿ ಐತೋ ಇಲ್ಲೋ?" ಎಂದು ಗಿರಾಕಿಗಳು ಕೇಳಿದರೆ, "ಬೆಲಿ ನೋಡ್ರಿ, ಅಳತಿ ನೋಡಬ್ಯಾಡ್ರಿ" ಎನ್ನುತ್ತಿದ್ದರು.

ಮೊದಲು ಮಂಡಕ್ಕಿಯ ಜೊತೆ ಎರಡು ತಿಂದು ಕೈ ತೊಳೆಯುತ್ತಿದ್ದವನು ಈಗ ಎಂಟು ತಿಂದ ಮೇಲೆಯೇ ಏಳುತ್ತಿದ್ದ. ಒಂದು ರೂಪಾಯಿಯಲ್ಲಿ ತುಂಬುತ್ತಿದ್ದ ಹೊಟ್ಟೆಗೆ ನಾಲ್ಕು ರೂಪಾಯಿ ಬೇಕಾಯಿತು. ಬೆಲೆ ಏರಿಲ್ಲ ಎಂದು ನಂಬಿದ್ದವರು ಯಜಮಾನರೊಬ್ಬರೇ. ಅವರ ಹೆಂಡತಿ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಕುಪ್ಪಸದ ಬಟ್ಟೆ ಕೊಡಲು ಬಂದವರು, "ಇವರ ಆಣಿ ಉಳಿಸಾಕ ನನ್ನ ರಟ್ಟಿ ಬೀಳಾಕತ್ಯಾವ. ಮೊದಲು ನೂರು ಅದ್ದತಿದ್ದೆ, ಈಗ ಅದಕ್ಕ ನಾಕು ಪಟ್ಟು ಅದ್ದಬೇಕು. ಬಂದ ಗಳಿಕಿ ಮಾತ್ರ ಅಷ್ಟ" ಎಂದರು. ನಗುತ್ತಲೇ ಹೇಳಿದರು, ಆದರೆ ಮಾತಿನ ನಡುವೆ ತೋಳು ತಿಕ್ಕಿಕೊಳ್ಳುತ್ತಲೇ ಇದ್ದರು.

ಮರುವಾರ ಯಜಮಾನರೇ ಬಿಳಿ ಬಟ್ಟೆ ಹಿಡಿದು ಬಂದರು. ಚಿಗಟೇರಿಯಲ್ಲಿ ನಂಟರ ಮದುವೆ, ಒಂದು ತುಂಬುತೋಳಿನ ಅಂಗಿ ಬೇಕಿತ್ತು. ನಾನು ಹೊಲಿಗೆಯ ದರ ಹೇಳಿದೆ.

"ಅಷ್ಟ್ಯಾಕಲೇ? ನಾನು ಹಳೇ ರೇಟಿಗೆ ಮಾರತೀನಿ. ನೀನೂ ಹಳೇ ರೇಟಿಗೆ ಹೊಲಿ."

"ಹಳೇ ರೇಟಿಗೇ ಹೊಲೀತೀನಿ ಬಿಡ್ರಿ" ಎಂದು ಅಳತೆ ತೆಗೆದುಕೊಂಡೆ.

ಅಂಗಿಯನ್ನು ಸರಿಯಾಗಿಯೇ ಹೊಲಿದೆ. ಆಮೇಲೆ ತೋಳುಗಳನ್ನು ಮೊಣಕೈಗಿಂತ ಮೇಲಕ್ಕೂ, ಸೊಂಟದ ಕೆಳಗಿನ ಭಾಗವನ್ನು ಹೊಕ್ಕಳಿನ ಮೇಲಕ್ಕೂ ಒಳಮಡಿಚಿ, ಬಿಚ್ಚಲು ಬರುವಂತೆ ಕಚ್ಚಾ ಹೊಲಿಗೆ ಹಾಕಿ ಇಸ್ತ್ರಿ ಮಾಡಿಟ್ಟೆ. ಸಂಜೆ ಗಿರಾಕಿಗಳು ತುಂಬಿದ್ದ ಹೊತ್ತಿಗೆ ತೆಗೆದುಕೊಂಡು ಹೋಗಿ, "ಹಾಕ್ಕೊಂಡು ನೋಡ್ರಿ" ಎಂದೆ. ಅವರು ಬನಿಯನ್ನಿನ ಮೇಲೆಯೇ ಹಾಕಿಕೊಂಡು ಗುಂಡಿ ಹಾಕಿದರು. ಅಂಗಿ ಹೊಟ್ಟೆಯ ನಡುವೆಯೇ ನಿಂತಿತು.

"ಇದೇನಲೇ ಇದು?"

"ಹಳೇ ರೇಟಿನ ಅಂಗಿರಿ. ಬೆಲಿ ನೋಡ್ರಿ, ಅಳತಿ ನೋಡಬ್ಯಾಡ್ರಿ."

ಬೆಂಚಿನ ಮೇಲೆ ಕೂತವರು ಮಂಡಕ್ಕಿ ಉದುರಿಸಿಕೊಂಡು ನಕ್ಕರು. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡ ಹೆಂಡತಿಯ ಮೂಗು ಗಲ್ಲವೆಲ್ಲ ಹಳದಿಯಾಯಿತು. ಯಜಮಾನರು ಮಾತ್ರ ನಗಲಿಲ್ಲ. ಅಂಗಿ ಬಿಚ್ಚಿ ನನ್ನ ಕೈಗೆ ತುರುಕಿ, ಬಾಣಲೆಯ ಕಡೆ ಮುಖ ಮಾಡಿ ನಿಂತರು. ಅತಿಯಾಯಿತೇನೋ ಎಂದು ನನಗೂ ಹೆದರಿಕೆಯಾಯಿತು. ಕಚ್ಚಾ ದಾರವನ್ನು ಒಂದೊಂದಾಗಿ ಎಳೆದು, ತೋಳು ಬಿಡಿಸಿ, ಪೂರ್ತಿ ಅಂಗಿಯನ್ನು ಅವರ ಮುಂದೆ ಹಿಡಿದೆ. ಅವರು ತೋಳಿನ ತುದಿ ಮುಟ್ಟಿ ನೋಡಿ, ಮೆಲ್ಲಗೆ, "ನನಗೂ ತಿಳೀತೈತಿ. ಆದರ ದೇವರ ಮ್ಯಾಲ ಆಣಿ ಮಾಡೀನಲ್ಲ, ಏನು ಮಾಡ್ಲಿ?" ಎಂದರು.

ಉತ್ತರ ಕೊಟ್ಟವರು ಹೆಂಡತಿ. ಸೆರಗಿನಿಂದ ಮುಖ ಒರೆಸಿಕೊಂಡು, "ಆಣಿ ಮಾಡಿದವರು ನೀವು. ನಾನೇನು ಮಾಡಿಲ್ಲ. ನಾಳಿಯಿಂದ ಅಂಗಡಿ ನಂದು. ನೀವು ನನ್ನ ಕೈಕೆಳಗ ಕರೀರಿ" ಎಂದರು.

ಯಜಮಾನರು ನನ್ನ ಕೈಯಿಂದ ಅಂಗಿ ತೆಗೆದುಕೊಂಡು ಮಡಿಚತೊಡಗಿದರು. ಅವರ ಹೆಗಲು ಇಳಿದದ್ದು ನೋಡಿದರೆ ವರ್ಷಗಳಿಂದ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿದಂತಿತ್ತು.

ಮರುದಿನ ಗೋಡೆಗೆ ಸುಣ್ಣ ಬಿತ್ತು. ಮಿರ್ಚಿ ಮತ್ತೆ ಗೇಣುದ್ದವಾಯಿತು, ಜೀರಿಗೆ ಹಿಂದಿರುಗಿತು, ಬೆಲೆ ಎರಡು ರೂಪಾಯಿಯಾಯಿತು. ಮೊದಲ ಗಿರಾಕಿಯಾಗಿ ಬಂದ ಬಸ್ ಕಂಡಕ್ಟರ್ "ಒಮ್ಮಿಗೇ ಎರಡು ರೂಪಾಯಿ? ಲೂಟಿ ಇದು" ಎಂದು ಬೈಯುತ್ತಲೇ ಮೂರು ತಿಂದ. "ಬೈಯೋದು ಪುಕ್ಕಟಿ ಐತ್ರಿ, ಇನ್ನಷ್ಟು ಬೈರಿ" ಎಂದು ಆಕೆ ಅವನ ತಟ್ಟೆಗೆ ಈರುಳ್ಳಿ ಹಾಕಿದರು. ಸಂಜೆ ಷಡ್ಡಕನೂ ಬಂದು, ಗೋಡೆ ನೋಡಿ, ಆಕೆಯ ಮುಖ ನೋಡಿ, ಎರಡು ಮಿರ್ಚಿ ಕಟ್ಟಿಸಿಕೊಂಡು ಹೋದ.

ನಾನು ಅಂಗಡಿಯನ್ನು ಹರಪನಹಳ್ಳಿಗೆ ಸಾಗಿಸುವವರೆಗೂ ಗಲ್ಲಾದ ಮುಂದೆ ಆಕೆಯೇ ಕೂತಿದ್ದರು. ಯಾರಾದರೂ ಬೆಲೆ ಕೇಳಿದರೆ ಯಜಮಾನರು ಬಾಣಲೆಯಿಂದ ತಲೆ ಎತ್ತದೆ, "ಆ ಕಡೆ ಕೇಳ್ರಿ, ನಾನು ಕೂಲಿಯವ" ಎನ್ನುತ್ತಿದ್ದರು.