ಸೀಟಿನ ಹಿಂದಿನ ಕಂಟ್ರೋಲರ್

ಕಳಸದ ದಾರಿಯಲ್ಲಿ ಧರೆ ಕುಸಿದ ಮೂರನೆಯ ದಿನ, ಮಣ್ಣು ತೆಗೆಯುವ ಯಂತ್ರದ ಆಪರೇಟರ್ ಬೆಳಿಗ್ಗೆ ನನಗೆ ಫೋನ್ ಮಾಡಿದರು.

"ಬೇಗ ಬಾ ಮಾರಾಯ. ಯಂತ್ರದ ತೋಳು ನನ್ನ ಮಾತು ಕೇಳ್ತಿಲ್ಲ."

ಹದಿನೈದು ವರ್ಷದ ಪರಿಚಯ. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಮೂಡಿಗೆರೆಯಲ್ಲಿ ಇಂಥ ಯಂತ್ರಗಳ ವೈರಿಂಗ್ ರಿಪೇರಿ ಮಾಡುವವನು. ಹೋಗಿ ನೋಡಿದರೆ, ಚಕ್ರದ ಬದಲು ಉರುಳುವ ಒಂದು ಬದಿಯ ಚೈನು ರಸ್ತೆಯ ಅಂಚಿನಿಂದ ಆಚೆ ಜಾರಿತ್ತು. ಬಕೆಟ್ಟಿನ ಹಲ್ಲುಗಳು ಮೇಲಿನ ಧರೆಗೆ ಊರಿಕೊಂಡಿದ್ದರಿಂದ ಯಂತ್ರ ಹೇಗೋ ನಿಂತಿತ್ತು. ಕೆಳಗೆ ಕಾಫಿ ತೋಟ, ಅದರೊಳಗೆ ಕೂಲಿಯವರ ಲೈನ್ ಮನೆಗಳು. ಅಲ್ಲಿಂದ ಜನರನ್ನು ಆಗಷ್ಟೇ ಹೊರಡಿಸುತ್ತಿದ್ದರು. ಆಪರೇಟರ್ ತೋಳನ್ನು ಎಳೆದು ಮೇಲೆ ಬರಲು ನೋಡಿದಾಗಲೆಲ್ಲ ಅದು ಒಂದು ಕ್ಷಣ ಸತ್ತಂತಿದ್ದು, ಮರುಕ್ಷಣ ಜಗ್ಗಿ, ಇಡೀ ಯಂತ್ರವನ್ನು ಇನ್ನಷ್ಟು ಜಾರಿಸುತ್ತಿತ್ತು.

ಎಂಜಿನ್ನಿಗೂ ತೋಳನ್ನು ಆಡಿಸುವ ಎಣ್ಣೆಯ ಪಂಪಿಗೂ ಎಷ್ಟು ದುಡಿಯಬೇಕೆಂದು ಹೇಳುವುದು ಕಂಟ್ರೋಲರ್. ನೀರು, ಧೂಳು, ಕುಲುಕಾಟ ಎಲ್ಲ ತಡೆಯುವ ಅಲ್ಯೂಮಿನಿಯಂ ಪೆಟ್ಟಿಗೆ ಅದು. ಇರುವುದು ಸೀಟಿನ ಹಿಂದೆ. ನಾನು ಹತ್ತಲೇಬೇಕಿತ್ತು.

ಕ್ಯಾಬಿನ್ನಿಗೆ ಕಾಲಿಟ್ಟಾಗ ಎಲ್ಲಿಯೋ ಕಬ್ಬಿಣ ಕಿರುಗುಟ್ಟಿತು.

"ಎಂಜಿನ್ ಆಫ್ ಮಾಡಿ ನೀವು ಇಳೀರಿ ಅಣ್ಣ."

"ಮತ್ತೆ ಸ್ಟಾರ್ಟ್ ಮಾಡಿ ಮೇಲೆ ತರೋದು ಯಾರು, ನೀನಾ? ಸುಮ್ನೆ ನಿನ್ ಕೆಲಸ ನೋಡು."

ಎಂಜಿನ್ ನಿಂತಿತು. ಆ ಮೌನದಲ್ಲಿ ಕೆಳಗೆ ಕಲ್ಲುಗಳು ಉರುಳುವುದು ಒಂದೊಂದೂ ಕೇಳತೊಡಗಿತು. ಪೆಟ್ಟಿಗೆಯೊಳಗೆ ಒಂದು ಹನಿ ನೀರೂ ಹೋಗಿರಲಿಲ್ಲ. ಅದರ ಪ್ಲಗ್ಗಿಗೆ ಬರುವ ತಂತಿಗಳನ್ನು ಬೆರಳಲ್ಲಿ ಸವರುತ್ತ ಬಂದೆ. ಪಂಪಿನ ತಂತಿಯಲ್ಲಿ ಒಂದು ಕಡೆ ಮೆತ್ತಗಿತ್ತು. ಸಿಪ್ಪೆ ಬಿಡಿಸಿದರೆ ತಾಮ್ರವೆಲ್ಲ ಹಸಿರು ಪುಡಿ.

ಅಲ್ಲಿ ಸೂಜಿಯಷ್ಟು ಸಣ್ಣ ತೂತಿತ್ತು. ಅದನ್ನು ಮಾಡಿದವನು ನಾನೇ. ಮಳೆಗಾಲಕ್ಕೆ ಮುಂಚೆ ಇದೇ ಯಂತ್ರದ ರಿಪೇರಿಗೆ ಬಂದಾಗ, ತಂತಿಯಲ್ಲಿ ಕರೆಂಟು ಬರುತ್ತದೆಯೇ ಎಂದು ನೋಡಲು, ಪ್ಲಗ್ ಬಿಚ್ಚುವ ಸೋಮಾರಿತನಕ್ಕೆ, ಮೀಟರಿನ ಮೊನೆಯಿಂದ ಚುಚ್ಚಿದ್ದೆ. ಟೇಪು ಕೂಡ ಸುತ್ತಿರಲಿಲ್ಲ. ಮಳೆಗಾಲದ ತೇವ ಆ ತೂತಿನಿಂದ ಇಳಿದು ತಾಮ್ರವನ್ನು ತಿಂದಿತ್ತು. ಆಗ ನನಗೆ ಹುಟ್ಟಿದ ಭಯ ಜಾರಿ ಬೀಳುವುದರದ್ದಲ್ಲ. ನನ್ನ ಮುಂದೆ ಕುಳಿತಿದ್ದವರ ಬೆನ್ನು ನೋಡಲು ನನಗೆ ಹೆದರಿಕೆಯಾಯಿತು.

ಕೆಟ್ಟ ತುಂಡು ಕತ್ತರಿಸಿ ಹೊಸ ತಂತಿ ಸೇರಿಸಿದೆ. "ಈಗ ನೋಡಿ" ಎಂದೆ. ಎಂಜಿನ್ ಸ್ಟಾರ್ಟ್ ಆಯಿತು. ಅವರು ತೋಳನ್ನು ಎಳೆದರು. ಈ ಸಲ ಅದು ಜಗ್ಗಲಿಲ್ಲ. ಯಂತ್ರ ಗೇಣುಗೇಣಾಗಿ ಮೇಲೆ ಬಂದು ರಸ್ತೆಯಲ್ಲಿ ನಿಂತಿತು.

ಇಳಿದವನೇ ರಸ್ತೆಯ ಬದಿಯಲ್ಲಿ ವಾಂತಿ ಮಾಡಿದೆ. ಅವರು ನೀರಿನ ಬಾಟಲಿ ಕೊಟ್ಟರು. ಕುಡಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ.

ಅವರು ಕೆಳಗಿನ ಮನೆಗಳ ಕಡೆ ನೋಡಿದರು.

"ಇನ್ನೂ ಎಲ್ಲೆಲ್ಲಿ ಚುಚ್ಚಿದ್ದೀಯ, ತೋರ್ಸು" ಎಂದರು.

ಅದೇ ಯಂತ್ರದಲ್ಲಿ ಇನ್ನೆರಡು ಕಡೆ ತೂತಿತ್ತು. ಮರುದಿನದಿಂದ ನಾನು ಕೈಯಿಟ್ಟಿದ್ದ ಯಂತ್ರಗಳನ್ನೆಲ್ಲ ಹುಡುಕಿಕೊಂಡು, ತೋಟದಿಂದ ತೋಟಕ್ಕೆ ಅಲೆದೆ.